ಕಂಚಿನ ಮನುಷ್ಯ ಮರಳಿ ಬರುವಾಗ



ಹಳೆಯ ಸಾಹಸನಾಯಕರನ್ನು ಇಂದಿನ ಕಾಮಿಕ್ಸಿಗೆ ಕರೆತರುವುದು ಈ ವಿಚಾರ ಸಂಕಿರಣದ ವಿಷಯ. ನಾನು ಒಬ್ಬನನ್ನೇ ಹಿಡಿದು ಮಾತನಾಡುತ್ತೇನೆ: ಡಾಕ್ ಸ್ಯಾವೇಜ್.

1933ರಲ್ಲಿ ನ್ಯೂಯಾರ್ಕಿನ ಸ್ಟ್ರೀಟ್ ಅಂಡ್ ಸ್ಮಿತ್ ಸಂಸ್ಥೆಯ ಹತ್ತು ಸೆಂಟಿನ ಪತ್ರಿಕೆಯಲ್ಲಿ ಹುಟ್ಟಿದವನು ಅವನು. 1949ರಲ್ಲಿ ಪತ್ರಿಕೆ ನಿಲ್ಲುವ ಹೊತ್ತಿಗೆ 181 ಕಾದಂಬರಿಗಳು ಬಂದಿದ್ದವು. ಬಹುಪಾಲು ಬರೆದವರು ಲೆಸ್ಟರ್ ಡೆಂಟ್. ಕಂಚಿನ ಮೈಬಣ್ಣ, 86ನೇ ಮಹಡಿಯ ಕಚೇರಿ, ಐವರು ಸಂಗಡಿಗರು, ಖರ್ಚಿಗೆ ಮಾಯಾ ಜನರ ಚಿನ್ನ. ಧ್ರುವಪ್ರದೇಶದ ಏಕಾಂತ ಕೋಟೆಯನ್ನೂ ಕ್ಲಾರ್ಕ್ ಎಂಬ ಹೆಸರನ್ನೂ ಇಂದಿನ ಓದುಗ ಸೂಪರ್‌ಮ್ಯಾನ್‌ನವೆಂದೇ ಬಲ್ಲ. ಎರಡೂ ಮೊದಲು ಇವನವು.

ಹಾಗಾದರೆ ಇವನಿಗೆ ಸ್ವಂತದ್ದು ಏನು ಉಳಿಯಿತು? ನನ್ನ ಪ್ರಕಾರ, ಒಂದು ಆಸ್ಪತ್ರೆ. ಡಾಕ್ ಸೆರೆಹಿಡಿದ ಕೇಡಿಗಳನ್ನು ಪೊಲೀಸರಿಗೆ ಒಪ್ಪಿಸುತ್ತಿರಲಿಲ್ಲ. ನ್ಯೂಯಾರ್ಕ್ ರಾಜ್ಯದ ಒಳನಾಡಿನ ಗುಪ್ತ ಆಸ್ಪತ್ರೆಗೆ ಕಳುಹಿಸುತ್ತಿದ್ದ. ಅಲ್ಲಿ ಮಿದುಳಿಗೆ ಶಸ್ತ್ರಚಿಕಿತ್ಸೆ ಮಾಡಿ, ಹಳೆಯ ನೆನಪನ್ನೆಲ್ಲ ಅಳಿಸಿ, ಒಂದು ಕಸುಬು ಕಲಿಸಿ ಬಿಟ್ಟುಬಿಡುತ್ತಿದ್ದರು. ನ್ಯಾಯಾಲಯವಿಲ್ಲ, ಒಪ್ಪಿಗೆಯಿಲ್ಲ. ಕೊಲ್ಲದೆ ತಿದ್ದುವ ಈ ದಾರಿಯನ್ನು ಕತೆ ಕರುಣೆಯೆಂದೇ ಬಣ್ಣಿಸುತ್ತಿತ್ತು. ಅದು ಬರೀ ಕತೆಗಾರನ ಹುಚ್ಚಲ್ಲ. ಮಿದುಳನ್ನು ಕತ್ತರಿಸಿ ಮನಸ್ಸನ್ನು ಸರಿಪಡಿಸಬಹುದೆಂದು ವೈದ್ಯಲೋಕವೂ ನಂಬಿತ್ತು. ಪತ್ರಿಕೆ ನಿಂತ ವರ್ಷವೇ ವೈದ್ಯ ಎಗಾಸ್ ಮೊನಿಜ್ ಅವರಿಗೆ ಲೊಬಾಟಮಿ ಎಂಬ ಇಂಥದೇ ಶಸ್ತ್ರಚಿಕಿತ್ಸೆಗಾಗಿ ನೊಬೆಲ್ ಬಂತು.

1972ರಲ್ಲಿ ಮಾರ್ವೆಲ್ ಹಳೆಯ ಕಾದಂಬರಿಗಳನ್ನೇ ಕಾಮಿಕ್ಸಿಗೆ ಇಳಿಸಿತು. 2013ರ ಕೊನೆಯಲ್ಲಿ ಡೈನಮೈಟ್ ಆರಂಭಿಸಿದ ಸರಣಿಯ ದಾರಿಯೇ ಬೇರೆ. ಕ್ರಿಸ್ ರಾಬರ್ಸನ್ ಬರೆದು ಬಿಲ್ಕಿಸ್ ಎವೆಲಿ ಚಿತ್ರಿಸಿದ ಅದರ ಎಂಟು ಸಂಚಿಕೆಗಳಲ್ಲಿ ಡಾಕ್ 1930ರ ದಶಕದಿಂದ ನಮ್ಮ ಕಾಲದವರೆಗೂ ಬದುಕುತ್ತಾ ಬರುತ್ತಾನೆ. ನನಗೆ ಮೆಚ್ಚುಗೆಯಾದದ್ದು ಈ ಎರಡನೆಯ ದಾರಿ. ಅಷ್ಟು ದೀರ್ಘಕಾಲ ಬದುಕಿದವನು ತಾನು ಮಾಡಿದ್ದಕ್ಕೆ ಉತ್ತರ ಹೇಳಲೇಬೇಕಾಗುತ್ತದೆ.

ಆ ಆಸ್ಪತ್ರೆಯನ್ನು ಸದ್ದಿಲ್ಲದೆ ಕೈಬಿಟ್ಟರಾಯಿತು ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಅದನ್ನು ಕಿತ್ತರೆ ಉಳಿಯುವುದು ಮಾಂಸಖಂಡಗಳ ಒಬ್ಬ ಗಟ್ಟಿಗ. ಅಂಥವರು ಕಾಮಿಕ್ಸಿನಲ್ಲಿ ಬೇಕಾದಷ್ಟಿದ್ದಾರೆ. ಗದ್ಯದಲ್ಲಿ ಶಸ್ತ್ರಚಿಕಿತ್ಸೆ ಒಂದು ಸಾಲಿನಲ್ಲಿ ಮುಗಿದುಹೋಗುತ್ತಿತ್ತು. ಚಿತ್ರಕ್ಕೆ ಆ ಸಾಲಿನೊಳಗೆ ಹೋಗುವ ಶಕ್ತಿಯಿದೆ: ತಲೆಗೆ ಬ್ಯಾಂಡೇಜು, ಬಾಗಿಲಲ್ಲಿ ನಿಂತ ಹೆಂಡತಿ, ಆಕೆಯನ್ನು ಗುರುತಿಸದ ಕಣ್ಣು. ಅದೇ ಚೌಕಟ್ಟಿನಲ್ಲಿ, ತಾನು ಒಳ್ಳೆಯದನ್ನೇ ಮಾಡಿದೆನೆಂದು ಪ್ರಾಮಾಣಿಕವಾಗಿ ನಂಬಿರುವ ಡಾಕ್.

ಮಧ್ಯಾಹ್ನದ ಗೋಷ್ಠಿಯಲ್ಲಿ ಚಿತ್ರಕಾರರು ಮಾತನಾಡಲಿದ್ದಾರೆ. ಆ ಹೆಂಡತಿ ಡಾಕ್‌ನನ್ನು ಏನು ಕೇಳಬೇಕು, ಕೇಳುವಾಗ ಅವನ ಮುಖವನ್ನು ಹೇಗೆ ಬರೆಯಬೇಕು ಎಂಬುದನ್ನು ಅವರು ಚರ್ಚೆಗೆ ಎತ್ತಿಕೊಳ್ಳಲಿ ಎಂಬುದು ನನ್ನ ಆಶಯ.