ಒಗ್ಗರಣೆಯ ಘಾಟು, ಸೊಸೆಯ 'ನಾಟಕ'

ನವಲಗುಂದ ತಾಲೂಕಿನ ಮೊರಬದ ಕಡೆ ಎರೆಹೊಲದಲ್ಲಿ ಬ್ಯಾಡಗಿ ಮೆಣಸಿನಕಾಯಿ ಬೆಳೀತಾರೆ. ಸುಗ್ಗಿ ಬಂತಂದ್ರೆ ಅಂಗಳದಲ್ಲಿ ಅದೇ ಒಣಗುತ್ತೆ, ಮನೆಗೆ ವರ್ಷಕ್ಕಾಗುವಷ್ಟು ಖಾರ ಕುಟ್ಟಿಸ್ತಾರೆ. ಅಂಥ ಮನೆಗೆ ದಮ್ಮಿರುವ ಹುಡುಗಿ ಸೊಸೆಯಾಗಿ ಬಂದ್ರೆ? ಒಗ್ಗರಣೆಗೆ ಮೆಣಸಿನಕಾಯಿ ಬಿದ್ದ ಕೂಡಲೇ ಸೆರಗಿನಿಂದ ಮೂಗು ಮುಚ್ಚಿಕೊಂಡು ಹಿತ್ತಲಿಗೆ ಓಡ್ತಾಳೆ. ಹಿಂದಿನಿಂದ ಮಾತು ಬರುತ್ತೆ: "ಕೆಲಸಾ ತಪ್ಪಿಸ್ಕೊಳ್ಳಾಕ ನಾಟಕಾ ಮಾಡ್ತಾಳ. ನಾವೆಲ್ಲಾ ಇದ ಹೊಗ್ಯಾಗ ಅಡಿಗಿ ಮಾಡಿಲ್ಲೇನ್?"

ನಾಟಕ ಅಲ್ಲ. ಮಲ್ಲಿಗೆಗೆ ನಾವು ಘಾಟು ಅನ್ನಲ್ಲ, ಮೆಣಸಿನಕಾಯಿಗೆ ಅಂತೀವಿ. ಉತ್ತರ ನಮ್ಮ ಮಾತಲ್ಲೇ ಇದೆ. ವಾಸನೆ ತಿಳಿಸುವ ನರ ಒಂದು, ಉರಿ ತಿಳಿಸುವ ನರ ಬೇರೆ. ಎರಡು ಪ್ರತ್ಯೇಕ ವೈರ್ ಅಂದ್ಕೊಳ್ಳಿ. ಮೆಣಸಿನಕಾಯಿಯ ಕ್ಯಾಪ್ಸೈಸಿನ್ ಕೆಣಕೋದು ಈ ಎರಡನೇ ವೈರನ್ನ. ಇಂಥ ನರಗಳ ತುದಿ ಮೂಗಿನಲ್ಲಷ್ಟೇ ಅಲ್ಲ, ಶ್ವಾಸನಾಳದಲ್ಲೂ ಇವೆ. ಆಸ್ತಮಾ ಇದ್ದವರ ಮೂಗು ಬೇರೆಯವರಿಗಿಂತ ಚುರುಕು ಅಂತಲ್ಲ. ಮೂಗು ಕಟ್ಟಿ ಎಷ್ಟೋ ಜನರಿಗೆ ವಾಸನೆ ಕಮ್ಮೀನೇ ತಿಳಿಯುತ್ತೆ. ಆದ್ರೆ ಒಳಗಿನ ಶ್ವಾಸನಾಳ ಮೊದಲೇ ಬಾತುಕೊಂಡಿರುತ್ತೆ. ನಮಗೆ ಎರಡು ಸೀನು ತರಿಸಿ ಹೋಗುವ ಘಾಟು ಅವರ ಎದೆ ಬಿಗಿಯುತ್ತೆ. ಊದಿನಕಡ್ಡಿ ಹೊಗೆ, ಸೆಂಟು, ಫಿನಾಯಿಲ್, ಹೊಲಕ್ಕೆ ಹೊಡೆಯೋ ಎಣ್ಣೆ, ಇವೂ ಅಷ್ಟೇ.

ಹೆದರಿಕೆಯಿಂದ ಇದು ಜಾಸ್ತಿ ಆಗಲ್ವಾ ಅಂತ ಕೇಳಬಹುದು. ಆಗುತ್ತೆ. ಅಮೆರಿಕದ ಫಿಲಡೆಲ್ಫಿಯಾದಲ್ಲಿರುವ ಮೊನೆಲ್ ಕೇಂದ್ರದ ವಿಜ್ಞಾನಿಗಳು 2014ರಲ್ಲಿ ಒಂದು ಅಧ್ಯಯನ ಪ್ರಕಟಿಸಿದ್ರು. ಆಸ್ತಮಾ ಇದ್ದ 17 ಜನರಿಗೆ 15 ನಿಮಿಷ ಗುಲಾಬಿಯಂಥ ವಾಸನೆ ಕೊಟ್ರು. 8 ಜನರಿಗೆ ಇದರಿಂದ ಉಸಿರಿಗೆ ತೊಂದರೆ ಆಗಬಹುದು ಅಂದ್ರು, 9 ಜನರಿಗೆ ಒಳ್ಳೇದು ಅಂದ್ರು. ವಾಸನೆ ಒಂದೇ. ಆದ್ರೆ ಮೊದಲ ಗುಂಪಿನವರ ಶ್ವಾಸನಾಳದ ಬಾವು ಹೆಚ್ಚಾಯ್ತು, 24 ಗಂಟೆ ಕಳೆದ್ರೂ ಇಳಿದಿರಲಿಲ್ಲ.

"ನೋಡಿ, ಎಲ್ಲಾ ಮನಸ್ಸಿನದು" ಅನ್ನೋರು ಇದನ್ನೇ ಹಿಡ್ಕೋತಾರೆ. ನನಗೆ ಉಲ್ಟಾ ಅನ್ನಿಸುತ್ತೆ. ಹೆದರಿಕೆ ಮನಸ್ಸಿನಲ್ಲಿ ಹುಟ್ಟಿದ್ರೂ ಬಾವು ಬಂದಿದ್ದು ಶ್ವಾಸನಾಳಕ್ಕೆ. ಉಸಿರು ಊದಿಸಿ ಅಳೆದು ನೋಡಿದ್ದಾರೆ ಸ್ವಾಮಿ. ಬೈದ್ರೆ ಅದು ಇಳಿಯುತ್ತಾ?

ಇನ್ನು ಇನ್ಹೇಲರ್. ಮದುವೆಗೆ ಮುಂಚೆ ತವರಿನವರು ಬಾಯಿ ಬಿಡಲ್ಲ, ಆಮೇಲೆ ಇವಳು ಟ್ರಂಕಿನಲ್ಲಿ ಸೀರೆ ಕೆಳಗೆ ಮುಚ್ಚಿಡ್ತಾಳೆ. ಪಂಪು ಚಟ ಹತ್ತುತ್ತೆ ಅನ್ನೋದು ಸುಳ್ಳು. ದಿನಾ ತಗೊಳ್ಳಿ ಅಂತ ವೈದ್ಯರು ಬರೆದುಕೊಟ್ಟಿದ್ದು ಬಾವು ಇಳಿಸೋಕೆ. ಬಾವು ಇಳಿದಷ್ಟೂ ಘಾಟು ತಡೆದುಕೊಳ್ಳೋದು ಸುಲಭ. ದಮ್ಮು ಕಟ್ಟಿದಾಗ ಬೇಕಾಗುವ ಪಂಪು ಟ್ರಂಕಿನಲ್ಲಲ್ಲ, ಅಡುಗೆಮನೆಯಲ್ಲಿ ಕೈಗೆ ಸಿಗೋ ಜಾಗದಲ್ಲಿರಬೇಕು.

ಅತ್ತೆಯಂದಿರಲ್ಲಿ ಒಂದು ವಿನಂತಿ. ಖಾರ ಕುಟ್ಟಿಸೋ ದಿನ ಗಿರಣಿಗೆ ಸೊಸೆ ಬೇಡ, ಮಗನನ್ನ ಕಳಿಸಿ.