ಸಬ್ಮಿಟ್ ಒತ್ತಿದ ಮೇಲೆ ಸರ್ವರ್‌ನಲ್ಲಿ ಏನು ನಡೀಬೇಕು?

ವಾಕಡದಿಂದ ಮಾತಾಡ್ತಾ ಇದ್ದೀನಿ. ಹಿಂದೆ ಹಾರ್ನ್ ಸದ್ದು ಕೇಳಿಸಿದ್ರೆ ಸ್ವಲ್ಪ ಸಹಿಸ್ಕೊಳ್ಳಿ. ಮನೆ ಇರೋದು ಭೂಮ್ಕರ್ ಚೌಕದ ಹತ್ತಿರ, ಹಿಂಜವಡಿಯಿಂದ ಬಿಟ್ಟ ಗಾಡಿಗಳೆಲ್ಲ ಈ ಹೊತ್ತಿಗೆ ಇಲ್ಲೇ ನಿಂತಿರ್ತವೆ.

ಇವತ್ತು ವೆಬ್ ಫಾರ್ಮ್ ಬಗ್ಗೆ. ಇದೇನಪ್ಪಾ ಹಳೇ ವಿಷಯ ಅನ್ನಬಹುದು. ಹಳೇದೇ. ಪಿಎಚ್‌ಪಿಯ ಆರಂಭದ ಆವೃತ್ತಿಗೆ ಪಿಎಚ್‌ಪಿ/ಎಫ್‌ಐ ಅಂತ ಹೆಸರಿತ್ತು, ಎಫ್‌ಐ ಅಂದ್ರೆ ಫಾರ್ಮ್ಸ್ ಇಂಟರ್‌ಪ್ರಿಟರ್. ಆದ್ರೂ ಎಂಟೆಕ್ ಮಾಡಿ, ಹತ್ತು ವರ್ಷ ಕೋಡ್ ಬರೆದ ನಾನು ಎಡವಿದ್ದು ಇದರಲ್ಲೇ.

ನಮ್ಮ ಏರಿಯಾದ ಕನ್ನಡದವರೆಲ್ಲ ಸೇರಿ ನವೆಂಬರ್‌ನಲ್ಲಿ ರಾಜ್ಯೋತ್ಸವ ಮಾಡ್ತೀವಿ. ಹೆಸರು ನೋಂದಾಯಿಸೋಕೆ ಒಂದು ಪುಟ್ಟ ಫಾರ್ಮ್ ಬೇಕು ಅಂದ್ರು. ಒಂದು ಸಂಜೆಯ ಕೆಲಸ ಅಂತ ಪೈಥಾನ್‌ನಲ್ಲಿ ಬರೆದು ಲಿಂಕ್ ಹಂಚಿದೆ. ಮರುದಿನ ಗೆಳೆಯನೊಬ್ಬನ ಅಮ್ಮ ಫೋನ್ ಮಾಡಿದ್ರು. ಊರಿಂದ ಮಗನ ಮನೆಗೆ ಬಂದು ಮೂರು ತಿಂಗಳಾಗಿತ್ತು, ಕನ್ನಡ ಮಾತಾಡೋರು ಸಿಕ್ತಾರೆ ಅಂತ ಕಾಯ್ತಾ ಇದ್ರು. ಮೊಬೈಲ್‌ನಲ್ಲಿ ಕನ್ನಡದಲ್ಲೇ ಟೈಪ್ ಮಾಡಿದ್ರಂತೆ. "ನಿನ್ನ ಕಂಪ್ಯೂಟರು ನನ್ನ ಹೆಸರೇ ಸರಿಯಿಲ್ಲ ಅಂತಿದೆಯಲ್ಲಪ್ಪಾ. ನಮ್ಮಂಥೋರು ಬರೋ ಹಾಗಿಲ್ವಾ?" ಅಂದ್ರು. ಕನ್ನಡದ ಹಬ್ಬಕ್ಕೆ ನಾನು ಮಾಡಿದ ಫಾರ್ಮ್, ಕನ್ನಡದ ಹೆಸರನ್ನ ಬಾಗಿಲಲ್ಲೇ ನಿಲ್ಲಿಸಿತ್ತು.

ಆಗಿದ್ದೇನು ಹೇಳ್ತೀನಿ. ಹೆಸರಲ್ಲಿ ಅಕ್ಷರ ಬಿಟ್ಟು ಬೇರೇನೂ ಬರಬಾರದು ಅಂತ ರೆಗ್ಯುಲರ್ ಎಕ್ಸ್‌ಪ್ರೆಶನ್‌ನಲ್ಲಿ ಬ್ಯಾಕ್‌ಸ್ಲ್ಯಾಶ್ ಡಬ್ಲ್ಯೂ ಹಾಕಿದ್ದೆ. ಪೈಥಾನ್‌ನ ಈ ಡಬ್ಲ್ಯೂ ಕ, ಮ, ಲ ಇವನ್ನ ಅಕ್ಷರ ಅಂತ ಒಪ್ಪುತ್ತೆ. ಆದ್ರೆ ಗುಡಿಸು, ಕೊಂಬು, ಏತ್ವ, ಸೊನ್ನೆ, ಒತ್ತು ತರೋ ಚಿಹ್ನೆ ಇವೆಲ್ಲ ಯೂನಿಕೋಡ್ ಲೆಕ್ಕದಲ್ಲಿ ಅಕ್ಷರ ಅಲ್ಲ, ಮಾರ್ಕ್. ಹಾಗಾಗಿ ಕಮಲ ಪಾಸ್, ವಿಮಲ ಫೇಲ್! ನಾನು ಟೆಸ್ಟ್ ಮಾಡದೆ ಬಿಟ್ಟಿರಲಿಲ್ಲ. ಕನ್ನಡದಲ್ಲಿ "ಭರತ" ಅಂತ ಹಾಕಿ ನೋಡಿದ್ದೆ. ಗುಣಿತಾಕ್ಷರವೂ ಇಲ್ಲ, ಒತ್ತೂ ಇಲ್ಲ, ಸಲೀಸಾಗಿ ಹೋಯ್ತು. ಜಾವಾದಲ್ಲಿ ಬ್ಯಾಕ್‌ಸ್ಲ್ಯಾಶ್ ಪಿ ಹಾಕಿ ಬರೀ ಎಲ್ ವರ್ಗ ಕೊಟ್ಟು ಎಮ್ ವರ್ಗ ಬಿಟ್ರೂ ಇದೇ ಗತಿ.

ಈಗ ಹೆಸರಿಗೆ ಅಂಥ ಜರಡಿಯೇ ಇಟ್ಟಿಲ್ಲ. ಆಚೀಚೆಯ ಖಾಲಿ ಜಾಗ ತೆಗೀತೀನಿ, ಖಾಲಿ ಇದೆಯಾ ನೋಡ್ತೀನಿ, ಉದ್ದಕ್ಕೊಂದು ಮಿತಿ ಇಡ್ತೀನಿ, ಕಂಟ್ರೋಲ್ ಕ್ಯಾರೆಕ್ಟರ್ ಇದ್ರೆ ತಿರಸ್ಕರಿಸ್ತೀನಿ. ಆದ್ರೆ ಕಣ್ಣಿಗೆ ಕಾಣದ್ದನ್ನೆಲ್ಲ ಕಿತ್ತು ಹಾಕೋಕೆ ಹೋಗಬೇಡಿ. "ರಾಜ್‌ಕುಮಾರ್" ಅನ್ನೋದ್ರ ಮಧ್ಯೆ ಕಾಣದ ಒಂದು ಚಿಹ್ನೆ ಇದೆ, ಝಡ್‌ಡಬ್ಲ್ಯೂಎನ್‌ಜೆ. ಅದನ್ನ ತೆಗೆದ್ರೆ "ರಾಜ್ಕುಮಾರ್" ಆಗುತ್ತೆ. ಅಣ್ಣಾವ್ರ ಹೆಸರನ್ನ ಹಾಗೆ ಬರೆದ್ರೆ ಯಾರು ಸುಮ್ನಿರ್ತಾರೆ?

ಉದ್ದದ ವಿಷಯ ಬಂತಲ್ಲ. "ಶ್ರೀನಿವಾಸಮೂರ್ತಿ" ತಗೊಳ್ಳಿ. ಓದೋರಿಗೆ ಆರೇ ಅಕ್ಷರ. ಯೂನಿಕೋಡ್‌ನಲ್ಲಿ 15 ಕೋಡ್ ಪಾಯಿಂಟ್. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಕೋಡ್ ಪಾಯಿಂಟ್‌ಗೂ 3 ಬೈಟ್, ಒಟ್ಟು 45. ಮೈಎಸ್‌ಕ್ಯುಎಲ್‌ನಲ್ಲಿ ವಾರ್‌ಚಾರ್ 50 ಅಂದ್ರೆ 50 ಕ್ಯಾರೆಕ್ಟರ್. ಒರಾಕಲ್‌ನಲ್ಲಿ ಬೇರೆ ಏನೂ ಹೇಳದಿದ್ರೆ 50 ಬೈಟ್. ಮೂರ್ತಿಯವರ ಜೊತೆ ಇನಿಷಿಯಲ್ ಸೇರಿದ್ರೆ ಜಾಗ ಮುಗೀತು. ಜೊತೆಗೆ, "ಗೋ" ಅನ್ನೋದನ್ನ ಎರಡು ಥರ ಶೇಖರಿಸಬಹುದು, ಪೂರ್ತಿ ಓತ್ವ ಒಂದೇ ಚಿಹ್ನೆಯಾಗಿ ಅಥವಾ ತುಂಡು ತುಂಡಾಗಿ. ನೋಡೋಕೆ ಎರಡೂ ಒಂದೇ, ಹೋಲಿಸಿದ್ರೆ ಬೇರೆ ಬೇರೆ. ಡೇಟಾಬೇಸ್‌ಗೆ ಹಾಕೋ ಮುಂಚೆ ಎನ್‌ಎಫ್‌ಸಿ ನಾರ್ಮಲೈಸ್ ಮಾಡಿದ್ರೆ ಈ ಜಗಳ ಇರಲ್ಲ.

ನನ್ನ ಎರಡನೇ ತಪ್ಪು ಕೋಡ್‌ನದ್ದಲ್ಲ. ಪುಣೆಯ ಪದ್ಧತಿಯಂತೆ ಮೂರು ಪೆಟ್ಟಿಗೆ ಇಟ್ಟಿದ್ದೆ: ಹೆಸರು, ತಂದೆ ಅಥವಾ ಗಂಡನ ಹೆಸರು, ಆಡನಾವ. ಮೂರೂ ಕಡ್ಡಾಯ. ಬೆಳಗಾವಿ, ಧಾರವಾಡ ಕಡೆಯವರು ಪಾಟೀಲ, ಕುಲಕರ್ಣಿ ಅಂತ ಸಲೀಸಾಗಿ ತುಂಬಿದ್ರು. ಮೈಸೂರು, ಹಾಸನದವರು ಏನು ತುಂಬಬೇಕು? ಎಷ್ಟೋ ಜನಕ್ಕೆ ಊರಿನದೊಂದು, ಅಪ್ಪನದೊಂದು ಇನಿಷಿಯಲ್, ಮುಗೀತು. ಕೆಲವರು ಚುಕ್ಕಿ ಇಟ್ರು, ಒಬ್ಬರು ಹೆಸರನ್ನೇ ಎರಡು ಸಲ ಬರೆದ್ರು. ಅಮೆರಿಕದ ವೀಸಾದಲ್ಲಿ ಎಫ್‌ಎನ್‌ಯು ಅಂತ ಹೆಸರು ಬಂದು ಒದ್ದಾಡಿದವರು ನಿಮ್ಮಲ್ಲೂ ಇರಬೇಕು. ಈಗ ನನ್ನ ಫಾರ್ಮ್‌ನಲ್ಲಿ ಒಂದೇ ಪೆಟ್ಟಿಗೆ: "ಪೂರ್ತಿ ಹೆಸರು".

ಹಾಗಂತ ಬಂದದ್ದನ್ನೆಲ್ಲ ನಂಬಿ ಅಂತಿಲ್ಲ. ಸಬ್ಮಿಟ್ ಒತ್ತಿದಾಗ ಸರ್ವರ್‌ಗೆ ಬರೋದು ಬರೀ ಪಠ್ಯ. ಅದನ್ನ ನಿಮ್ಮ ಪೇಜೇ ಕಳಿಸಿದೆ ಅನ್ನೋ ಗ್ಯಾರಂಟಿ ಇಲ್ಲ, ಕರ್ಲ್ ಇದ್ರೆ ಯಾರು ಬೇಕಾದ್ರೂ ಕಳಿಸಬಹುದು. ಬ್ರೌಸರ್‌ನಲ್ಲಿ ಹಾಕೋ ರಿಕ್ವೈರ್ಡ್ ಬಳಸೋರ ಅನುಕೂಲಕ್ಕೆ, ನಿಮ್ಮ ರಕ್ಷಣೆಗಲ್ಲ. ಊಟದ ಕೂಪನ್ ದರವನ್ನ ಹಿಡನ್ ಫೀಲ್ಡ್‌ನಲ್ಲಿ ಇಟ್ರೆ, 1 ರೂಪಾಯಿ ಅಂತ ತಿದ್ದಿ ಕಳಿಸೋದು ಕಷ್ಟವೇ ಅಲ್ಲ. ದರ ಸರ್ವರ್‌ನಲ್ಲೇ ಇರಲಿ.

ಇನ್ನು ಮಂಗಳೂರಿನ ಡಿ'ಸೋಜಾ ಅವರು. ಕ್ವೆರಿಯನ್ನ ಸ್ಟ್ರಿಂಗ್ ಜೋಡಿಸಿ ಕಟ್ಟಿದ್ರೆ ಆ ಅಪಾಸ್ಟ್ರಫಿಗೆ ಕ್ವೆರಿ ಮುರಿಯುತ್ತೆ. ಎಸ್‌ಕ್ಯುಎಲ್ ಇಂಜೆಕ್ಷನ್ ನುಗ್ಗೋದೂ ಇದೇ ಕಿಂಡಿಯಲ್ಲಿ. ಅದಕ್ಕೆ ಅಪಾಸ್ಟ್ರಫಿಯನ್ನೇ ನಿಷೇಧಿಸೋ ಮಹಾನುಭಾವರನ್ನ ನೋಡಿದ್ದೀನಿ. ಅವರ ಹೆಸರು ಏನು ತಪ್ಪು ಮಾಡಿದೆ ಸ್ವಾಮಿ? ಪ್ಯಾರಾಮೀಟರ್ ಇಟ್ಟು ಕ್ವೆರಿ ಬರೀರಿ, ತೋರಿಸುವಾಗ ಎಸ್ಕೇಪ್ ಮಾಡಿ.

ಕೊನೆಗೆ ಡಬಲ್ ನೋಂದಣಿ. ನಾಲ್ಕು ಜನರ ಕುಟುಂಬ ನನ್ನ ಪಟ್ಟಿಯಲ್ಲಿ ಹನ್ನೆರಡಾಗಿತ್ತು, ಅಡುಗೆಯವರಿಗೆ ಹಾಗೇ ಹೇಳಿಬಿಡ್ತಿದ್ದೆ. ನೆಟ್‌ವರ್ಕ್ ನಿಧಾನ, ಅವರು ಗುಂಡಿಯನ್ನ ಮೂರು ಸಲ ಒತ್ತಿದ್ರು. ಪೋಸ್ಟ್ ಆದ ಮೇಲೆ 303 ಕೊಟ್ಟು ಬೇರೆ ಪುಟಕ್ಕೆ ಕಳಿಸಿದ್ರೆ ಸಾಕು ಅಂತ ಬಹಳ ಜನ ಅಂದ್ಕೊಂಡಿದ್ದಾರೆ. ಅದು ತಡೆಯೋದು ರಿಫ್ರೆಶ್‌ನಿಂದ ಆಗೋ ಮರುಸಲ್ಲಿಕೆಯನ್ನ. ಉತ್ತರ ಬರೋ ಮುಂಚೆಯೇ ಮತ್ತೆ ಒತ್ತಿದ್ರೆ ಅದರಿಂದ ಉಪಯೋಗ ಇಲ್ಲ. ಫಾರ್ಮ್ ತೋರಿಸುವಾಗಲೇ ಒಂದು ವಿಶಿಷ್ಟ ಟೋಕನ್ ಇಡಿ, ಡೇಟಾಬೇಸ್‌ನಲ್ಲಿ ಆ ಕಾಲಂಗೆ ಯೂನಿಕ್ ಕಟ್ಟುಪಾಡು ಹಾಕಿ. ಎರಡನೇ ಸಲ ಬಂದಾಗ ಎರರ್ ತೋರಿಸಬೇಡಿ, "ನಿಮ್ಮ ನೋಂದಣಿ ಆಗಿದೆ" ಅನ್ನಿ. ಆಗಿರೋದು ನಿಜ ತಾನೇ?

ಆ ಅಮ್ಮ ಫೋನ್‌ನಲ್ಲಿ ಇನ್ನೊಂದು ಮಾತು ಹೇಳಿದ್ರು: ಎರರ್ ಬಂದಾಗ ತುಂಬಿದ್ದೆಲ್ಲ ಅಳಿಸಿಹೋಯ್ತು, ಮತ್ತೆ ಮೊದಲಿಂದ ಟೈಪ್ ಮಾಡಬೇಕಾಯ್ತು, ನಾಲ್ಕು ಸಲ. ರೆಗ್ಯುಲರ್ ಎಕ್ಸ್‌ಪ್ರೆಶನ್‌ಗಿಂತ ನನಗೆ ನಾಚಿಕೆ ಆಗಿದ್ದು ಇದಕ್ಕೆ. ತಪ್ಪಿರೋ ಪೆಟ್ಟಿಗೆಯ ಪಕ್ಕದಲ್ಲೇ ಏನು ತಪ್ಪು ಅಂತ ಬರೆದು, ಉಳಿದದ್ದನ್ನ ಅವರು ತುಂಬಿದ ಹಾಗೇ ವಾಪಸ್ ಕೊಡೋಕೆ ನಾಲ್ಕೈದು ಸಾಲು ಕೋಡ್ ಸಾಕಿತ್ತು.

ಅವತ್ತು ರಾತ್ರಿಯೇ ಸರಿ ಮಾಡಿ, ಅವರಿಗೆ ಫೋನ್ ಮಾಡಿ, "ಈಗ ನೋಡಿ ಅಮ್ಮಾ" ಅಂದೆ. ತಾವೇ ಟೈಪ್ ಮಾಡಿದ್ರು, ನಾನು ಈ ಕಡೆ ಲಾಗ್ ನೋಡ್ತಾ ಕೂತಿದ್ದೆ. ಹೆಸರು ಒತ್ತು, ದೀರ್ಘ ಸಮೇತ ಪೂರ್ತಿ ಬಂತು. ಕೂಪನ್ ಮೇಲೂ ಹಾಗೇ ಪ್ರಿಂಟ್ ಆಯ್ತು.

ಮುಂದಿನ ವಿಡಿಯೋದಲ್ಲಿ ಫೈಲ್ ಅಪ್‌ಲೋಡ್. ಅಷ್ಟರೊಳಗೆ ನಿಮ್ಮ ಪ್ರಾಜೆಕ್ಟ್‌ನ ಸ್ಟೇಜಿಂಗ್‌ನಲ್ಲಿ ನಿಮ್ಮ ಅಜ್ಜಿಯ ಹೆಸರನ್ನ ಕನ್ನಡದಲ್ಲಿ ಹಾಕಿ ಸಬ್ಮಿಟ್ ಒತ್ತಿ ನೋಡಿ. ಏನಾಯ್ತು ಅಂತ ನನಗೂ ಹೇಳಿ.