ಗುಲ್ಮ ತೆಗೆದ ಮೇಲೆ

ಹೊಟ್ಟೆಯ ಎಡಭಾಗದಲ್ಲಿ, ಪಕ್ಕೆಲುಬುಗಳ ಮರೆಯಲ್ಲಿ, ಮುಷ್ಟಿಯಷ್ಟು ದೊಡ್ಡ ಅಂಗವೊಂದಿದೆ. ಅದೇ ಗುಲ್ಮ, ಪ್ಲೀಹ ಅಂತಲೂ ಕರೆಯುತ್ತಾರೆ. ಬೈಕಿನಿಂದ ಬಿದ್ದು ಅದು ಒಡೆದು ರಕ್ತ ನಿಲ್ಲದಿದ್ದಾಗ, ಇಲ್ಲವೇ ತಲಸ್ಸೇಮಿಯಾದಂಥ ಕಾಯಿಲೆಯಲ್ಲಿ ವಿಪರೀತ ಊದಿಕೊಂಡಾಗ, ಆಪರೇಷನ್ ಮಾಡಿ ತೆಗೆಯಬೇಕಾಗುತ್ತದೆ. ಹೊಲಿಗೆ ಬಿಚ್ಚಿ ಮನೆಗೆ ಬಂದವರಲ್ಲಿ ಎಷ್ಟೋ ಮಂದಿಗೆ ಮುಂದಿನ ಎಚ್ಚರಿಕೆ ಏನೆಂದು ಯಾರೂ ಹೇಳಿರುವುದಿಲ್ಲ. ಇದು ನನಗೆ ತುಂಬ ನೋವಿನ ಸಂಗತಿ. ವೈದ್ಯಲೋಕವೇ ಈ ಎಚ್ಚರಿಕೆಯನ್ನು ಬಹಳ ತಡವಾಗಿ ಕಲಿತದ್ದು.

1867ರಲ್ಲಿ ಪ್ಯಾರಿಸ್ಸಿನ ಶಸ್ತ್ರವೈದ್ಯ ಜೂಲ್ ಪೇಆನ್, 20 ವರ್ಷದ ಯುವತಿಯೊಬ್ಬಳ ಗುಲ್ಮವನ್ನು ತೆಗೆದರು. ಆಕೆ ಬದುಕಿದಳು. ಗುಲ್ಮವಿಲ್ಲದೆಯೂ ಮನುಷ್ಯ ಬದುಕಬಲ್ಲ ಎಂದಾದ ಮೇಲೆ, ಅದು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ ಎಂಬ ನಂಬಿಕೆ ಬೇರೂರಿತು. ಸ್ವಿಟ್ಜರ್ಲೆಂಡಿನ ಥಿಯೋಡರ್ ಕೋಚರ್ ಥೈರಾಯ್ಡ್ ಗ್ರಂಥಿಯನ್ನು ಪೂರ್ತಿ ತೆಗೆದರೆ ರೋಗಿ ಎಷ್ಟು ಕುಗ್ಗುತ್ತಾನೆಂದು ಕಂಡುಕೊಂಡವರು, 1909ರಲ್ಲಿ ನೊಬೆಲ್ ಪಡೆದವರು. ಅಂಥವರೂ 1911ರಲ್ಲಿ, ಪೆಟ್ಟು ಬಿದ್ದ ಗುಲ್ಮವನ್ನು ತೆಗೆಯಲೇಬೇಕು, ತೆಗೆದರೆ ಕೆಡುಕೇನೂ ಇಲ್ಲ ಎಂದೇ ಬರೆದರು. ಗುಲ್ಮ ತೆಗೆದವರಲ್ಲಿ ಮಾರಕ ಸೋಂಕಿನ ಅಪಾಯ ಕೆಲವರಿಗೆ ಮಾತ್ರ, ಅದೂ ಎಷ್ಟೋ ಸಲ ವರ್ಷಗಳ ನಂತರ ಎದುರಾಗುತ್ತದೆ. ಆ ಸಾವಿಗೂ ಹಳೆಯ ಆಪರೇಷನ್ನಿಗೂ ನಂಟು ಹಾಕುವವರಾದರೂ ಯಾರು?

1919ರಲ್ಲಿ ಮಾರಿಸ್ ಮತ್ತು ಬುಲಕ್ ಎಂಬಿಬ್ಬರು ಇಲಿಗಳ ಗುಲ್ಮ ತೆಗೆದು ಸೋಂಕು ತಗುಲಿಸಿದಾಗ, ಅವು ಉಳಿದ ಇಲಿಗಳಿಗಿಂತ ಹೆಚ್ಚಾಗಿ ಸತ್ತವು. ಮನುಷ್ಯರಿಗೂ ಹೀಗಾದೀತು ಎಂದರು. ಯಾರೂ ಕಿವಿಗೊಡಲಿಲ್ಲ. 1952ರಲ್ಲಿ ಅಮೆರಿಕದ ಇಂಡಿಯಾನಾದಲ್ಲಿ ಕಿಂಗ್ ಮತ್ತು ಶುಮ್ಯಾಕರ್, ರಕ್ತದ ಕಾಯಿಲೆಗಾಗಿ ಗುಲ್ಮ ತೆಗೆಸಿಕೊಂಡ ಐದು ಶಿಶುಗಳಲ್ಲಿ ಗಂಭೀರ ಸೋಂಕು ಕಂಡುಬಂದದ್ದನ್ನು ಪ್ರಕಟಿಸಿದ ಮೇಲೆಯೇ ವೈದ್ಯರ ಕಣ್ಣು ತೆರೆದದ್ದು.

ಗುಲ್ಮ ರಕ್ತಕ್ಕೆ ಜರಡಿಯಿದ್ದಂತೆ. ಮುದಿಯಾದ ಕೆಂಪು ಕಣಗಳನ್ನು ತಡೆದು ತೆಗೆಯುತ್ತದೆ. ನ್ಯುಮೋಕಾಕಸ್, ಮೆನಿಂಜೋಕಾಕಸ್, ಹಿಬ್ ಎಂಬ ಬ್ಯಾಕ್ಟೀರಿಯಾಗಳು ಸಕ್ಕರೆಯ ಜಾತಿಯ ಕವಚ ತೊಟ್ಟು ಬರುತ್ತವೆ. ಅವುಗಳಿಗೆ ತಕ್ಕ ಪ್ರತಿಕಾಯಗಳನ್ನು ಬೇಗ ತಯಾರಿಸುವ ಕಣಗಳು ಹೆಚ್ಚಾಗಿ ಇರುವುದೂ ಇಲ್ಲಿಯೇ. ಗುಲ್ಮವಿಲ್ಲದ ಮೈಯಲ್ಲಿ ಬೆಳಗಿನ ಸಣ್ಣ ಜ್ವರ ರಾತ್ರಿಯೊಳಗೆ ಪ್ರಾಣಕ್ಕೆ ಕುತ್ತಾಗಬಹುದು.

ಪೆನಿಸಿಲಿನ್ ಬಂದಿದೆಯಲ್ಲ, ಇನ್ನು ನ್ಯುಮೋಕಾಕಸ್‌ಗೆ ಲಸಿಕೆ ಯಾಕೆ ಎಂದು ಜಗತ್ತು ಕೇಳುತ್ತಿದ್ದ ಕಾಲದಲ್ಲಿ ರಾಬರ್ಟ್ ಆಸ್ಟ್ರಿಯನ್ ಎಂಬ ವೈದ್ಯರು ಬ್ರೂಕ್ಲಿನ್ನಿನ ಆಸ್ಪತ್ರೆಯಲ್ಲಿ ಲೆಕ್ಕವಿಟ್ಟು ನೋಡಿದರು. ಔಷಧ ಕೊಟ್ಟರೂ ಮೊದಲ ಕೆಲವು ದಿನಗಳಲ್ಲೇ ಸಾಯುವವರು ಸಾಯುತ್ತಲೇ ಇದ್ದರು. ಅವರು ಪಟ್ಟುಹಿಡಿದು, ದಕ್ಷಿಣ ಆಫ್ರಿಕಾದ ಚಿನ್ನದ ಗಣಿ ಕಾರ್ಮಿಕರಲ್ಲಿ ಪರೀಕ್ಷೆ ನಡೆಸಿ, 1977ರಲ್ಲಿ 14 ಬಗೆಯ ನ್ಯುಮೋಕಾಕಸ್ ವಿರುದ್ಧದ ಲಸಿಕೆಗೆ ಅಮೆರಿಕದಲ್ಲಿ ಪರವಾನಗಿ ದೊರಕುವಂತೆ ಮಾಡಿದರು. 1983ರಲ್ಲಿ ಅದು 23 ಬಗೆಗಳಿಗೆ ವಿಸ್ತರಿಸಿತು. ಎರಡು ವರ್ಷದೊಳಗಿನ ಮಕ್ಕಳ ಮೈ ಬರೀ ಬ್ಯಾಕ್ಟೀರಿಯಾದ ಕವಚದಿಂದ ಮಾಡಿದ ಈ ಲಸಿಕೆಗೆ ಸರಿಯಾಗಿ ಸ್ಪಂದಿಸದ್ದರಿಂದ, ಕವಚಕ್ಕೆ ಪ್ರೋಟೀನ್ ಜೋಡಿಸಿದ ಲಸಿಕೆ 2000ದಲ್ಲಿ ಬಂತು. ನಮ್ಮ ದೇಶದ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮಕ್ಕೆ ಅದು 2017ರಿಂದ ಹಂತಹಂತವಾಗಿ ಸೇರಿತು.

ಗುಲ್ಮವನ್ನು ಉಳಿಸಿಕೊಳ್ಳುವ ವಿಚಾರದಲ್ಲಿ ಭಾರತೀಯರೊಬ್ಬರನ್ನು ನೆನೆಯಲೇಬೇಕು. 1968ರಲ್ಲಿ ಟೊರೊಂಟೊದ ಮಕ್ಕಳ ಆಸ್ಪತ್ರೆಯಿಂದ ಡಾ. ಉಪಾಧ್ಯಾಯ ಮತ್ತು ಸಿಂಪ್ಸನ್, ಗುಲ್ಮಕ್ಕೆ ಪೆಟ್ಟಾದರೂ ಆಪರೇಷನ್ ಇಲ್ಲದೆಯೇ ಚೇತರಿಸಿಕೊಂಡ ಮಕ್ಕಳ ವಿವರ ಪ್ರಕಟಿಸಿದರು. ಇವತ್ತು ಒಡೆದ ಗುಲ್ಮವನ್ನು ಕೂಡಲೇ ತೆಗೆಯದೆ, ರೋಗಿಯ ಸ್ಥಿತಿ ಸ್ಥಿರವಾಗಿದ್ದರೆ ಕಾದು ನೋಡುವುದಕ್ಕೆ ಆ ಕೆಲಸವೂ ಒಂದು ತಳಹದಿ.

ಆಪರೇಷನ್ ಇಲ್ಲದೆಯೂ ಗುಲ್ಮ ಕೆಲಸ ನಿಲ್ಲಿಸುವುದುಂಟು. ಬಿಳಿಗಿರಿರಂಗನ ಬೆಟ್ಟದ ಸೋಲಿಗರೂ ಸೇರಿ ಹಲವು ಬುಡಕಟ್ಟುಗಳಲ್ಲಿ ಕಾಣುವ ಸಿಕಲ್ ಸೆಲ್ ಕಾಯಿಲೆಯಲ್ಲಿ ಗುಲ್ಮ ಕ್ರಮೇಣ ಬಾಡಿಹೋಗಬಹುದು. ಈ ಕಾಯಿಲೆಯ ಪುಟ್ಟ ಮಕ್ಕಳಿಗೆ ದಿನವೂ ಪೆನಿಸಿಲಿನ್ ಕೊಟ್ಟರೆ ನ್ಯುಮೋಕಾಕಸ್ ಸೋಂಕು ಶೇ. 84ರಷ್ಟು ತಗ್ಗುತ್ತದೆಂದು 1986ರ ಅಮೆರಿಕದ ಅಧ್ಯಯನ ತೋರಿಸಿತು.

ಈಗಿನ ಕ್ರಮ ಹೀಗಿದೆ: ಆಪರೇಷನ್ ಮೊದಲೇ ಗೊತ್ತಾಗಿದ್ದರೆ ಕನಿಷ್ಠ ಎರಡು ವಾರ ಮುಂಚೆ, ತುರ್ತಾಗಿ ಆಗಿದ್ದರೆ ಸುಮಾರು ಎರಡು ವಾರದ ನಂತರ, ನ್ಯುಮೋಕಾಕಸ್, ಮೆನಿಂಜೋಕಾಕಸ್, ಹಿಬ್ ಈ ಮೂರೂ ಬ್ಯಾಕ್ಟೀರಿಯಾಗಳ ವಿರುದ್ಧ ಲಸಿಕೆ. ಫ್ಲೂ ಲಸಿಕೆ ಪ್ರತಿವರ್ಷ. ಮೆನಿಂಜೋಕಾಕಸ್ ಲಸಿಕೆಯನ್ನು ಸಾಮಾನ್ಯವಾಗಿ ಐದು ವರ್ಷಕ್ಕೊಮ್ಮೆ ಮತ್ತೆ ಹಾಕಿಸಬೇಕು. ಆದರೆ ಲಸಿಕೆ ಎಲ್ಲವನ್ನೂ ತಡೆಯಲಾರದು. ಚಳಿಜ್ವರ ಬಂದರೆ ಕಷಾಯ ಕುಡಿದು ಬೆಳಗಿನವರೆಗೆ ಕಾಯಬೇಡಿ. ವೈದ್ಯರು ಮುಂಚೆಯೇ ಬರೆದುಕೊಟ್ಟ ಆಂಟಿಬಯಾಟಿಕ್ ಇದ್ದರೆ ಮೊದಲ ಗುಳಿಗೆ ನುಂಗಿ, ಆಗಲೇ ಆಸ್ಪತ್ರೆಗೆ ಹೊರಡಿ. ಗುಲ್ಮ ಇಲ್ಲವೆಂದು ಹೇಳಿ. ನಾಯಿ ಕಚ್ಚಿದರೆ ರೇಬೀಸ್ ಚುಚ್ಚುಮದ್ದಿನ ಜೊತೆಗೆ ಆಂಟಿಬಯಾಟಿಕ್ ಕೂಡ ಬೇಕಾಗುತ್ತದೆ, ಕೇಳಿ ಪಡೆಯಿರಿ. ಮಲೇರಿಯಾ ಇರುವ ಕಡೆ ಸೊಳ್ಳೆ ಪರದೆ ತಪ್ಪಿಸಬೇಡಿ.

ಎಷ್ಟೋ ವರ್ಷಗಳ ಹಿಂದೆ ಗುಲ್ಮ ತೆಗೆಸಿಕೊಂಡು ಒಂದೂ ಲಸಿಕೆ ಪಡೆಯದವರು ಇದನ್ನು ಕೇಳುತ್ತಿದ್ದರೆ, ಈಗ ಹಾಕಿಸಿಕೊಂಡರೂ ಪ್ರಯೋಜನವಿದೆ. ಡಿಸ್ಚಾರ್ಜ್ ಚೀಟಿ ಹಿಡಿದು ವೈದ್ಯರಲ್ಲಿಗೆ ಹೋಗಿ. ಚೀಟಿ ಕಳೆದಿದ್ದರೂ ಪರವಾಗಿಲ್ಲ, ಗುಲ್ಮ ಇದೆಯೋ ಇಲ್ಲವೋ ಎಂದು ಹೊಟ್ಟೆಯ ಸ್ಕ್ಯಾನಿಂಗ್ ತಿಳಿಸುತ್ತದೆ.